ಪೂಜೆಗೆ ಕುಳಿತ ಹಲಗೆ

ಶಬ್ದಕ್ಕೆ ಮೊದಲೇ ಇದ್ದು, ಶಬ್ದವಾಗಿ ಮೈದೋರಿ, ತಂತಿಯಲ್ಲಿ ಮಿಡಿದು, ಚರ್ಮದಲ್ಲಿ ಮೊಳಗಿ, ಬಿದಿರಿನಲ್ಲಿ ಉಸಿರಾಡುವ ವಾಗ್ದೇವಿಗೆ ಮೊದಲ ನಮಸ್ಕಾರ. ವಿಘ್ನವನ್ನು ಒಡ್ಡುವವನೂ ತೊಡೆಯುವವನೂ ತಾನೇ ಆದ ಗಣನಾಥನಿಗೆ ಎರಡನೆಯದು. ಇವರ ಅನುಗ್ರಹದಿಂದ, ಕಡಲಾಚೆಯ ಮಸ್ಕತ್ತಿನಲ್ಲಿ, ಅದಕ್ಕೂ ಆಚೆಯ ಕಡಲಿನವಳೊಬ್ಬಳು ತನ್ನ ನಾಡಿನ ಕಲೆಯನ್ನು ನೆಟ್ಟು ಬೆಳೆಸಿದ ಬಗೆಯನ್ನು ಹೇಳುವೆನು. ಆಕೆಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕಂಡವಳು ವಾರಿಜಾಕ್ಷಿ. ಆದುದರಿಂದ ಅವಳ ಕಣ್ಣಿನ ದಾರಿಯಲ್ಲೇ ಕಥೆ ಸಾಗಲಿ.

ವಾರಿಜಾಕ್ಷಿ ಮೂಲ್ಕಿ ಸೀಮೆಯ ಯಕ್ಷಗಾನ ಮೇಳದ ಮದ್ದಳೆಗಾರರೊಬ್ಬರ ಮಗಳು. ಎಂಬತ್ತೊಂದನೆಯ ಇಸವಿಯಲ್ಲಿ ಗಂಡ ಪ್ರೇಮನಾಥನೊಡನೆ ಮಸ್ಕತ್ತಿಗೆ ಬಂದವಳು, ಮದೀನತ್ ಸುಲ್ತಾನ್ ಖಾಬೂಸಿನ ಒಂದು ಶಾಲೆಯ ಕಚೇರಿಯಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದಳು. ಪ್ರೇಮನಾಥ ರುವಿಯ ಹಡಗು ಕಚೇರಿಯೊಂದರಲ್ಲಿ ಗುಮಾಸ್ತ. ಮಾವನಿಂದ ಕಲಿತ ಮದ್ದಳೆಯನ್ನು ಶುಕ್ರವಾರದ ರಜೆಯಲ್ಲಿ ಹೊರತೆಗೆದು ನುಡಿಸುವ ಅಭ್ಯಾಸದವನು.

ಒಂದು ಬೆಳಗ್ಗೆ ವಾರಿಜಾಕ್ಷಿ ಯಂತ್ರದ ಮುಂದೆ ಕುಳಿತು ಕಾಗದ ಬಡಿಯುತ್ತಿದ್ದಾಗ, ಹೊಸದಾಗಿ ಬಂದ ಸಂಗೀತದ ಅಧ್ಯಾಪಕಿ ಮೇಜಿನ ಎದುರು ನಿಂತು, "ನೀನು ಪತ್ರ ಬಡಿಯುತ್ತಿಲ್ಲ, ತಾಳ ಬಡಿಯುತ್ತಿದ್ದೀ," ಎಂದಳು.

ವಾರಿಜಾಕ್ಷಿ ನಾಚಿದಳು. "ನನ್ನ ಅಪ್ಪ ಮದ್ದಳೆಗಾರರು."

"ನನ್ನ ಅಪ್ಪ ಮೀನುಗಾರ. ಆದರೆ ಅವನ ದೋಣಿಗೆ ಬಲೆಗಿಂತ ಮೊದಲು ಏರುತ್ತಿದ್ದದ್ದು ಇದು," ಎಂದು ಆಕೆ ಬಗಲಲ್ಲಿದ್ದ ವಾದ್ಯವನ್ನು ತೋರಿಸಿದಳು. ಒಂದೇ ಮರದ ತುಂಡನ್ನು ಕೊರೆದು ಮಾಡಿದ, ಗಿಟಾರಿನ ತಂಗಿಯಂತಿದ್ದ ಆ ಪುಟ್ಟ ತಂತಿವಾದ್ಯದ ಹೆಸರು ಹರಾನ. ಆಕೆಯ ಹೆಸರು ಎವೇಲಿಯಾ ಉಸ್ಕಾಂಗಾ. ಊರು ಮೆಕ್ಸಿಕೋ ದೇಶದ ವೆರಾಕ್ರೂಸ್ ಕರಾವಳಿ. ಗಂಡ ಭೂವಿಜ್ಞಾನಿ, ತಿಂಗಳ ಬಹುಪಾಲು ಒಳನಾಡಿನ ಮರಳಿನಲ್ಲೇ ಇರುವವನು.

ಕಲಾವಿದರು ಲೋಕದಲ್ಲಿ ಹಲವರು. ತಮ್ಮ ಕಲೆಗೆ ಒಂದು ಊರನ್ನೇ ಕಟ್ಟಿಕೊಡುವವರು ವಿರಳ. ಎವೇಲಿಯಾ ಈ ಎರಡನೆಯ ಪಂಗಡಕ್ಕೆ ಸೇರಿದವಳು. ಮಸ್ಕತ್ತಿನಲ್ಲಿ ಚದುರಿಹೋಗಿದ್ದ ಕೊಲಂಬಿಯಾದವರು, ವೆನೆಜುವೆಲಾದವರು, ಪೆರುವಿನವರು, ಇವರ ಮನೆಮನೆಯ ಬಾಗಿಲು ತಟ್ಟಿ ಒಂದು ಲ್ಯಾಟಿನ್ ಬಳಗವನ್ನು ಕೂಡಿಸಿದಳು. ಶಾಲೆಯ ಮಕ್ಕಳಿಗೆ, ಅವರು ಯಾವ ದೇಶದವರೇ ಆಗಲಿ, ಹರಾನ ಮೀಟಲು ಕಲಿಸಿದಳು. ನೆರೆಯ ಬರ್ಕಾ ಊರಿನ ತೋಟಗಳಿಂದ ಬಾಳೆಲೆ ತರಿಸಿ, ಜೋಳದ ಹಿಟ್ಟನ್ನು ಅದರಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಕಚೇರಿಯವರಿಗೆಲ್ಲ ಹಂಚಿದಳು. ವಾರಿಜಾಕ್ಷಿ ಎಲೆ ಬಿಚ್ಚಿ, "ಇದು ನಮ್ಮ ಕಡುಬಿನ ದೊಡ್ಡಮ್ಮನ ಮಗಳು," ಎಂದಳು. ನವೆಂಬರಿನಲ್ಲಿ ತೀರಿಕೊಂಡ ಹಿರಿಯರಿಗಾಗಿ ಎವೇಲಿಯಾ ಚೆಂಡುಹೂವಿನ ನಡುವೆ ಅನ್ನಪಾನಗಳನ್ನಿಟ್ಟು ದೀಪ ಹಚ್ಚಿದಾಗ, ಅದು ಎಡೆಯೆಂದು ಯಾರೂ ಹೇಳಿಕೊಡದೆಯೇ ವಾರಿಜಾಕ್ಷಿ ತಲೆಬಾಗಿ ಕೈಮುಗಿದಳು.

ಎಂಬತ್ತಾರರಲ್ಲಿ ಎಣ್ಣೆಯ ಬೆಲೆ ಕುಸಿಯಿತು. ಒಪ್ಪಂದಗಳು ಮೊಟಕಾದವು. ವಿಮಾನ ನಿಲ್ದಾಣಕ್ಕೆ ಹೋಗಿ ಬೀಳ್ಕೊಡುವುದೇ ಎವೇಲಿಯಾಳ ಕೆಲಸವಾಯಿತು. ವರ್ಷ ತಿರುಗುವಷ್ಟರಲ್ಲಿ ಬಳಗವೆಂಬುದರಲ್ಲಿ ಆಕೆಯ ಹೊರತು ಆ ನಾಡುಗಳವರು ಯಾರೂ ಉಳಿಯಲಿಲ್ಲ. ಹರಾನ ಕಲಿತ ಶಾಲೆಯ ಇಬ್ಬರು ಅಧ್ಯಾಪಕಿಯರು ಮಾತ್ರ ಸಂಜೆಗಳಲ್ಲಿ ಬರುತ್ತಿದ್ದರು.

ಎಂಬತ್ತೇಳರ ಶರತ್ಕಾಲದಲ್ಲಿ ನಗರದ ಪರದೇಶಿ ಸಮುದಾಯಗಳೆಲ್ಲ ಸೇರಿ ತಮ್ಮ ತಮ್ಮ ಕಲೆಗಳನ್ನು ತೋರಿಸುವ ಒಂದು ಸಂಜೆ ಏರ್ಪಾಟಾಯಿತು. ಸಮಿತಿಯ ಕಾರ್ಯದರ್ಶಿ ರೋಸಲಿಂಡ್, ಮಂಗಳೂರಿನ ಕ್ರೈಸ್ತ ಮನೆತನದ ಹೆಂಗಸು. ಶಿಸ್ತಿನವಳು, ಗಡಿಯಾರ ನೋಡಿ ಮಾತಾಡುವವಳು. ಅವಳು ಶಾಲೆಗೇ ಬಂದು ಹೇಳಿದಳು:

"ಎವೇಲಿಯಾ, ಬೇಸರ ಮಾಡಬೇಡಿ. ಬಳಗ ಇರುವವರಿಗೆ ವೇದಿಕೆ. ಒಬ್ಬಿಬ್ಬರು ಇರುವವರಿಗೆ ಹೊರಗೆ ಒಂದು ಮೇಜು, ಅದರ ಮೇಲೆ ಬಾವುಟ, ನಾಲ್ಕು ಚಿತ್ರ. ನಿಮಗೆ ಮೇಜು."

"ಫಂದಾಂಗೊ ಮೇಜಿನ ಮೇಲೆ ಇಡುವ ವಸ್ತುವಲ್ಲ," ಎಂದಳು ಎವೇಲಿಯಾ.

ರೋಸಲಿಂಡ್ ಹೋದಮೇಲೆ ಆಕೆ ವಾರಿಜಾಕ್ಷಿಗೆ ವಿವರಿಸಿದಳು. ಫಂದಾಂಗೊ ಎಂದರೆ ಒಬ್ಬರು ಮಾಡಿ ಉಳಿದವರು ನೋಡುವ ಪ್ರದರ್ಶನವಲ್ಲ. ನಡುವೆ ಕುಣಿಯುವ ಮರದ ಹಲಗೆ, ಅದನ್ನು ಅವರು ತರೀಮಾ ಎನ್ನುತ್ತಾರೆ, ಸುತ್ತ ಊರವರು. ಒಬ್ಬರು ಪದ ಕಟ್ಟಿ ಹಾಡಿದರೆ ಇನ್ನೊಬ್ಬರು ಮರುಪದ ಕಟ್ಟುತ್ತಾರೆ. ಹೆಂಗಸರು ಜೋಡಿಯಾಗಿ ಹಲಗೆಯೇರಿ ಕುಣಿದು, ದಣಿದಾಗ ಮತ್ತೊಂದು ಜೋಡಿಗೆ ಬಿಟ್ಟುಕೊಡುತ್ತಾರೆ. ಊರಿಲ್ಲದೆ ಫಂದಾಂಗೊ ಇಲ್ಲ.

"ಗಂಡ ಹೇಳುತ್ತಾನೆ, ಸಾಕು, ಇನ್ನು ಇಲ್ಲಿ ಯಾರಿಗಾಗಿ ಎಂದು. ಈ ಸಂಜೆಯಲ್ಲಿ ಆಗದಿದ್ದರೆ ಬಳಗವನ್ನು ಮುಚ್ಚುತ್ತೇನೆ, ವಾರಿಜಾ. ಹರಾನವನ್ನು ಪೆಟ್ಟಿಗೆಗೆ ಹಾಕುತ್ತೇನೆ. ನನ್ನ ಅಜ್ಜಿಯಿಂದ ಬಂದದ್ದನ್ನು ಬಾವುಟದ ಪಕ್ಕ ಇಟ್ಟು ನಿಲ್ಲಲಾರೆ."

ವಾರಿಜಾಕ್ಷಿ, "ಊರು ತಾನೇ ಬೇಕಾದದ್ದು? ನನ್ನ ಶುಕ್ರವಾರದ ಭಜನೆಯವರು ಇದ್ದಾರೆ," ಎಂದಳು.

ರುವಿಯ ಅವಳ ಮನೆಯಲ್ಲಿ ಶುಕ್ರವಾರಗಳಂದು ಕರಾವಳಿಯ ಹೆಂಗಸರು ಸೇರುತ್ತಿದ್ದರು. ಅವರಿಗೆಲ್ಲ ಹಿರಿಯಳು ಸುಂದರಿ. ನೇಕಾರ ಮನೆತನದವಳು, ವ್ರತನಿಯಮಗಳಲ್ಲಿ ಎಳ್ಳಷ್ಟೂ ಲೋಪ ಸಹಿಸದವಳು. ಅವಳು ಒಪ್ಪಿದರೆ ಎಲ್ಲರೂ ಒಪ್ಪಿದಂತೆ. ಕೆಳಮಹಡಿಯ ನಫೀಸಾ, ಕರಾವಳಿಯ ಬ್ಯಾರಿ ಮುಸ್ಲಿಂ ಹೆಂಗಸು, ಬರ್ಕಾದಲ್ಲಿ ಅಂಗಡಿಯಿಟ್ಟವನ ಹೆಂಡತಿ. ಭಜನೆಗೆ ಬಾರದಿದ್ದರೂ ಅದರ ನಂತರದ ಚಹಾಕ್ಕೆ ತಪ್ಪದವಳು.

ಎವೇಲಿಯಾ ಬಂದು ಹರಾನ ಮೀಟಿದಾಗ ಸುಂದರಿ ಕಣ್ಣುಮುಚ್ಚಿ ಕೇಳಿದಳು. ಪ್ರೇಮನಾಥ ಮದ್ದಳೆಯನ್ನು ತೊಡೆಗೇರಿಸಿ, ಎರಡಾವರ್ತ ಕೇಳಿ, ಮೂರನೆಯದರಲ್ಲಿ ಕೈಕೂಡಿಸಿದನು.

"ಎಂತ ಮಾರಾಯ್ತಿ, ಇದು ನಮ್ಮ ಯಕ್ಷಗಾನದ ತಿತ್ತಿತ್ತೈ ತಾಳಕ್ಕೆ ನೆಂಟ ಅಲ್ವಾ," ಎಂದಳು ಸುಂದರಿ. "ಕುಣಿಯುವ. ಆದರೆ ನನ್ನ ಮಂಡಿ ನೋವಿಗೆ ನೀವೇ ಹೊಣೆ, ಎವೇಲಿಯಕ್ಕ."

"ಹಾಡು ಕಟ್ಟುದು ನನಗೆ ಬಿಡಿ," ಎಂದಳು ನಫೀಸಾ. "ನಮ್ಮಲ್ಲಿ ಮದುವೆಮನೆಯಲ್ಲಿ ಮದುಮಗನ ಅಜ್ಜಿಯನ್ನೂ ಬಿಡುದಿಲ್ಲ ನಾವು, ಪದದಲ್ಲಿ ಎಳೆದು ಹಾಕ್ತೇವೆ."

ಸಿಮೆಂಟಿನ ನೆಲದ ಮೇಲೆ ಅಭ್ಯಾಸ ಸಾಗಿತು. ಯಕ್ಷಗಾನವನ್ನು ಕೇಳಿ ಬೆಳೆದ ಕಾಲುಗಳಿಗೆ ಆ ಲಯ ಬೇಗ ಒಗ್ಗಿತು. ಹಾಡುವಾಗ ಮೆಲ್ಲಗೆ, ಹಾಡು ನಿಂತಾಗ ಬಿರುಸಾಗಿ. ಮಾತಿನ ಮೇಲೆ ಹೆಜ್ಜೆ ಬೀಳಬಾರದು. ಈ ನಿಯಮವನ್ನು ಸುಂದರಿ ಬಹಳ ಮೆಚ್ಚಿದಳು. ಬಳಗ ಕೂಡಿತೆಂದು ತಿಳಿದ ರೋಸಲಿಂಡ್ ಮೇಜಿನ ಬದಲು ವೇದಿಕೆಯಲ್ಲೇ ಹೊತ್ತು ಗೊತ್ತುಮಾಡಿದಳು. ಕುಣಿಯಲೆಂದು ಹೊಸ ಪಾದರಕ್ಷೆಗಳು ಬಂದವು. ಬರ್ಕಾದ ಮರಗೆಲಸದ ಕಾರ್ಖಾನೆಯಲ್ಲಿ ದುಡಿಯುವ, ಕರಾವಳಿಯವನೇ ಆದ ಕೊಗ್ಗ ಅವಕ್ಕೆ ಮರದ ಹಿಮ್ಮಡಿ ಜೋಡಿಸಿಕೊಟ್ಟನು. ತರೀಮಾವನ್ನು ಮಾಡುವ ಕೆಲಸವೂ ಅವನಿಗೇ ಬಿತ್ತು. ಎವೇಲಿಯಾ ಬರೆದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಅವನು ಕೇಳಿದ್ದು ಒಂದೇ ಮಾತು: "ಇದು ಮಂಚವೋ ಅಕ್ಕ, ಪೆಟ್ಟಿಗೆಯೋ? ಮಂಚವಾದರೆ ಗಿಡ್ಡವಾಯಿತು, ಪೆಟ್ಟಿಗೆಯಾದರೆ ಮುಚ್ಚಳ ತೆಗೆಯಲಿಕ್ಕೆ ಆಗುದಿಲ್ಲ." ಆದರೂ ಸಾಗುವಾನಿ ಹಲಗೆಗಳನ್ನು ಆರಿಸಿ, ಅಡಿಯಲ್ಲಿ ಪೊಳ್ಳು ಬಿಟ್ಟು, ಬದಿಯಲ್ಲಿ ನಾದದ ತೂತು ಕೊರೆದು, ಒಪ್ಪವಾಗಿ ಮಾಡಿದನು. ಅದು ಮುಗಿದದ್ದು ಕಾರ್ಯಕ್ರಮದ ಹಿಂದಿನ ದಿನ. ಆ ಗುರುವಾರ ಮಹಾನವಮಿ.

ವಾರಿಜಾಕ್ಷಿಯ ಮನೆಯಲ್ಲಿ ಆಯುಧಪೂಜೆಯ ಸಿದ್ಧತೆ ನಡೆದಿತ್ತು. ಮಣೆಯ ಮೇಲೆ ಮದ್ದಳೆ, ತಾಳ, ಗೆಜ್ಜೆ, ಮಕ್ಕಳ ಪುಸ್ತಕಗಳು, ಹೆಂಗಸೊಬ್ಬಳ ಹೊಲಿಗೆ ಯಂತ್ರ. ಕೊಗ್ಗ ತರೀಮಾವನ್ನು ಹೊತ್ತುತಂದು ನಡುಮನೆಯಲ್ಲಿ ಇಳಿಸಿದನು. ಎವೇಲಿಯಾ ಅದರ ಬಳಿ ನಿಂತು, ಒಮ್ಮೆ ಬಗ್ಗಿ, ಮುಷ್ಟಿಯಿಂದ ಗುದ್ದಿದಳು. ಗುಡಿಯ ನಗಾರಿಯಂತೆ ಅದು ಗುಂಯ್ಗುಟ್ಟಿತು. ಆಕೆಯ ಮುಖ ಅರಳಿತು.

"ಇವರಿಗೆ ಹೇಳು, ವಾರಿಜಾ. ಇದನ್ನು ವೇದಿಕೆಯೆಂದು ತಿಳಿಯಬಾರದು. ನಮ್ಮ ವಾದ್ಯಗಳಲ್ಲೆಲ್ಲ ಇದೇ ಹಿರಿಯದು. ಹರಾನ ಇಲ್ಲದೆ ಫಂದಾಂಗೊ ನಡೆದೀತು, ಇದಿಲ್ಲದೆ ನಡೆಯದು. ಇದು ನಮ್ಮ ಮದ್ದಳೆ."

ವಾರಿಜಾಕ್ಷಿ ಹೆಮ್ಮೆಯಿಂದ, ಒಂದಕ್ಷರ ಬಿಡದೆ, ಅದನ್ನು ತುಳುವಿನಲ್ಲಿ ಹೇಳಿದಳು. ಹೇಳಿದ್ದೇ ತಡ, ಹಲಗೆಯ ಅಂಚಿಗೆ ಕಾಲು ತಗುಲಿಸಿ ನಿಂತಿದ್ದ ಹೆಂಗಸೊಬ್ಬಳು ಸರ್ರನೆ ಹಿಂದೆ ಸರಿದು, ಹಲಗೆಯನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ವಾದ್ಯವಾ?" ಎಂದಳು ಸುಂದರಿ. "ನವಮಿಯ ದಿನವೇ ಮನೆಗೆ ಬಂತಲ್ಲ. ಹೀಗೆ ಇಡ್ಲಿಕ್ಕುಂಟಾ? ನೀರು ತನ್ನಿ."

ಮುಂದಿನದನ್ನು ತಡೆಯುವ ಪ್ರಶ್ನೆಯೇ ಏಳಲಿಲ್ಲ. ಹಲಗೆಯನ್ನು ಒರೆಸಿ, ನಾಲ್ಕು ಮೂಲೆಗಳಿಗೆ ಅರಸಿನ ಹಚ್ಚಿ, ನಡುವೆ ಕುಂಕುಮವಿಟ್ಟು, ಮಲ್ಲಿಗೆಯ ದಂಡೆ ಸುತ್ತಿ, ಅಕ್ಷತೆ ತಳಿದು, ಮದ್ದಳೆಯ ಪಕ್ಕದಲ್ಲಿ ಅದಕ್ಕೂ ಮರ್ಯಾದೆಯ ಜಾಗ ಕೊಟ್ಟರು. ಎವೇಲಿಯಾಳ ಹರಾನವೂ ಮಣೆಯೇರಿತು. ಮಂಗಳಾರತಿಯ ಬೆಳಕಿನಲ್ಲಿ ಸಾಗುವಾನಿಯ ಎಳೆಗಳು ಹೊಳೆದಾಗ ಆಕೆಯ ಕಣ್ಣು ತುಂಬಿತು. "ನಮ್ಮ ಊರಿನಲ್ಲಿಯೂ ಇದಕ್ಕೆ ಯಾರೂ ಹೂವು ಮುಡಿಸಿಲ್ಲ," ಎಂದಳು.

ಪ್ರಸಾದ ಹಂಚಿಯಾಯಿತು. ಎವೇಲಿಯಾ ಕಣ್ಣೊರೆಸಿಕೊಂಡು ಎದ್ದು, ಪಾದರಕ್ಷೆಗಳ ಚೀಲವನ್ನು ತೆರೆದಳು. "ಬನ್ನಿ. ನಾಳೆ ವೇದಿಕೆ. ಹಲಗೆಯ ಮೇಲೆ ಇವತ್ತು ಒಮ್ಮೆಯಾದರೂ ಕುಣಿಯಬೇಕು."

ಯಾರೂ ಏಳಲಿಲ್ಲ. ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿದರು. ಎಲ್ಲರ ನೋಟವೂ ಕೊನೆಗೆ ಸುಂದರಿಯಲ್ಲಿ ಹೋಗಿ ನಿಂತಿತು.

"ಎವೇಲಿಯಕ್ಕ," ಎಂದಳು ಸುಂದರಿ, ತಗ್ಗಿದ ದನಿಯಲ್ಲಿ, "ಪೂಜೆಗೆ ಕೂತ ವಾದ್ಯ. ಅದಕ್ಕೆ ಕಾಲು ಕೊಡುದು ಹೇಗೆ? ಅದೂ ಮೆಟ್ಟು ಹಾಕಿದ ಕಾಲು. ಮೊದಲೇ ಹಲಗೆ ಅಂತ ಹೇಳಿದ್ದರೆ ಹಲಗೆ ಆಗಿರ್ತಿತ್ತು. ವಾದ್ಯ ಅಂತ ಗೊತ್ತಾದ ಮೇಲೆ ನನ್ನ ಕಾಲು ಏಳುದಿಲ್ಲ."

ವಾರಿಜಾಕ್ಷಿ ಇದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಎವೇಲಿಯಾ ಅರ್ಥಮಾಡಿಕೊಂಡಿದ್ದಳು. ಪಾದರಕ್ಷೆ ಕಳಚಿ ಬರಿಗಾಲಿನಲ್ಲಿ ಕುಣಿಯಬಹುದೇ ಎಂದು ಒಬ್ಬಳು ಕೇಳಿದಳು. ಬರಿಗಾಲಿಗೆ ಈ ಮರ ನುಡಿಯದು ಎಂದು ಎವೇಲಿಯಾ ತಲೆಯಾಡಿಸಿದಳು. ಯಾರ ಮೇಲೂ ಸಿಟ್ಟಾಗಲಿಲ್ಲ. ಬಾಗಿಲಲ್ಲಿ ನಿಂತು ಆಕೆ ಹೇಳಿದ್ದು ಇಷ್ಟು: "ಇಷ್ಟು ಗೌರವವನ್ನು ನಾನು ಕೇಳಿರಲಿಲ್ಲ. ಬೇಡವೆನ್ನಲೂ ಆರೆ. ರೋಸಲಿಂಡಿಗೆ ಫೋನು ಮಾಡಿ ಮೇಜೇ ಸಾಕು ಎನ್ನುತ್ತೇನೆ."

ಮರುದಿನ ವಿಜಯದಶಮಿ, ಶುಕ್ರವಾರ. ಬೆಳಗಿನ ಮರುಪೂಜೆಗೆ ಹೆಂಗಸರು ಬಂದರು. ನಿನ್ನೆಯ ಗೆಲವು ಯಾರಲ್ಲೂ ಇರಲಿಲ್ಲ. ಆರತಿಯ ಅನಂತರ ಮಕ್ಕಳು ತಮ್ಮ ತಮ್ಮ ಪುಸ್ತಕಗಳನ್ನೆತ್ತಿ ಒಂದೊಂದು ಸಾಲು ಓದಿದರು. ಪ್ರೇಮನಾಥ ಮದ್ದಳೆಯನ್ನು ಕಣ್ಣಿಗೊತ್ತಿ ತೊಡೆಗೇರಿಸಿ ಒಂದು ಮುಕ್ತಾಯ ನುಡಿಸಿದನು. ಹೊಲಿಗೆ ಯಂತ್ರದವಳು ಚಿಂದಿಯೊಂದರ ಮೇಲೆ ನಾಲ್ಕು ಹೊಲಿಗೆ ಹಾಕಿದಳು. ತರೀಮಾ ಮಾತ್ರ ಮಲ್ಲಿಗೆ ಮುಡಿದು ಮೂಕವಾಗಿ ಕುಳಿತಿತ್ತು. ಅದನ್ನು ನೋಡುತ್ತ ನೋಡುತ್ತ ವಾರಿಜಾಕ್ಷಿಗೆ ಒಂದು ಮಾತು ಹೊಳೆಯಿತು.

"ಸುಂದರಕ್ಕ, ಇವತ್ತು ವಾದ್ಯವನ್ನು ನುಡಿಸದೆ ಮಣೆಯಿಂದ ಇಳಿಸಿದರೆ?"

"ಇಳಿಸ್ಲಿಕ್ಕುಂಟಾ? ದಶಮಿಯ ದಿನ ವಿದ್ಯೆ ಎತ್ತಲೇಬೇಕು. ಇಲ್ಲದಿದ್ದರೆ ನಿನ್ನೆಯ ಪೂಜೆಯೇ ಸೇರುದಿಲ್ಲ. ನಿನ್ನಪ್ಪ ಹೇಳಿಕೊಡಲಿಲ್ವಾ?"

"ಹೇಳಿಕೊಟ್ಟಿದ್ದಾರೆ. ಹಾಗಾದರೆ ಇದನ್ನು ಯಾರು ನುಡಿಸುದು?"

ಸುಂದರಿ ಸೆರಗು ಸಿಕ್ಕಿಸಿ, ಹಲಗೆಯ ಮುಂದೆ ಮಂಡಿಯೂರಿ, ಎರಡೂ ಅಂಗೈಗಳಿಂದ ತಟ್ಟತೊಡಗಿದಳು. ಪಟಪಟ ಎಂದಿತೇ ಹೊರತು ಒಳಗಿನ ನಾದ ಏಳಲಿಲ್ಲ.

ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಫೀಸಾ ತಡೆಯಲಾರದೆ, "ಸುಂದರಕ್ಕ, ಅದು ವಾದ್ಯ ನುಡಿಸಿದ ಹಾಗೆ ಇಲ್ಲ, ರೊಟ್ಟಿ ತಟ್ಟಿದ ಹಾಗೆ ಉಂಟು," ಎಂದಳು.

ಹೆಂಗಸರು ನಕ್ಕರು. ಸುಂದರಿ ನಗಲಿಲ್ಲ. ಅಂಗೈಗಳನ್ನು ಹಲಗೆಯ ಮೇಲೆಯೇ ಊರಿ ಕುಳಿತಳು.

ಯಾವ ವಸ್ತುವನ್ನು ಪೂಜಿಸುತ್ತೇವೆಯೋ ಅದನ್ನು ದೂರವಿಡಬೇಕೆಂಬುದು ಲೋಕದ ಸಾಮಾನ್ಯ ಬುದ್ಧಿ. ಆದರೆ ನವಮಿಯ ಪೂಜೆಯ ಮರ್ಮ ಬೇರೆ. ಅದು ದೂರವಿಡುವ ಪೂಜೆಯಲ್ಲ, ಕೈಗೆತ್ತಿಕೊಳ್ಳಲು ಅಪ್ಪಣೆ ಬೇಡುವ ಪೂಜೆ. ಪ್ರಾಚೀನರು ಮಹಾವ್ರತವೆಂಬ ಯಾಗದಲ್ಲಿ ನೆಲಕ್ಕೆ ಕುಳಿ ತೋಡಿ, ಮೇಲೆ ಚರ್ಮ ಬಿಗಿದು, ಭೂಮಿಯನ್ನೇ ದುಂದುಭಿಯಾಗಿಸಿ ಬಾರಿಸಿದರು. ಪೂಜ್ಯವಾದದ್ದೇ ಪೆಟ್ಟು ತಿಂದು ಮೊಳಗಿತು. ಅದರಿಂದ ಅದರ ಪೂಜ್ಯತೆ ಕುಂದಲಿಲ್ಲ. ಈ ಶಾಸ್ತ್ರ ಆ ಕೋಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೆ ಶಾಸ್ತ್ರ ಯಾವ ಬಾಳಿನಿಂದ ಹುಟ್ಟಿತೋ ಆ ಬಾಳು ಸುಂದರಿಯ ಬಳಿ ಇತ್ತು.

"ನನ್ನಪ್ಪನ ಮಗ್ಗ," ಎಂದಳು ಅವಳು, ಯಾರನ್ನೂ ನೋಡದೆ. "ಕುಳಿಮಗ್ಗ. ಕುಳಿಯೊಳಗೆ ಕಾಲು ಬಿಟ್ಟು ಕೂರುದು. ಕೆಳಗೆ ಮೆಟ್ಟುಹಲಗೆ ಎರಡು, ಕಾಲಿನಲ್ಲೇ ಒತ್ತುದು. ನವಮಿಗೆ ಅಮ್ಮ ಆ ಕುಳಿಗೆ ಇಳಿದು, ಮೆಟ್ಟುಹಲಗೆಗೇ ಕುಂಕುಮ ಇಡ್ತಿದ್ದರು. ದಶಮಿಯ ದಿನ ಅಪ್ಪ ಕೈಮುಗಿದು, ಅದೇ ಕುಂಕುಮದ ಮೇಲೆ ಕಾಲಿಟ್ಟು ಮೊದಲ ಎಳೆ ನೇಯ್ತಿದ್ದರು." ಅವಳು ತಲೆಯೆತ್ತಿದಳು. "ನಾನು ಎಂತ ಮರುಳಿ ಮಾರಾಯ್ತಿ. ಆ ಸೀರೆ ಉಟ್ಟವರು ದೇವಸ್ಥಾನಕ್ಕೆ ಹೋಗ್ತಿದ್ದರು."

"ಮತ್ತೆ ಮೆಟ್ಟು?" ಎಂದು ಯಾರೋ ಕೇಳಿದರು.

"ಬೀದಿ ಕಾಣದ ಮೆಟ್ಟು ಅದು," ಎಂದಳು ವಾರಿಜಾಕ್ಷಿ. "ಚೆಂಡೆಗೆ ಕೋಲು ಹೇಗೋ ಈ ಹಲಗೆಗೆ ಆ ಹಿಮ್ಮಡಿ ಹಾಗೆ. ಕೋಲನ್ನು ಯಾರಾದರೂ ಬಿಟ್ಟು ಚೆಂಡೆ ಬಾರಿಸ್ತಾರಾ?"

ಸುಂದರಿ ಎದ್ದು ಪಾದರಕ್ಷೆಗಳನ್ನು ಕೈಗೆತ್ತಿಕೊಂಡವಳು ಅಷ್ಟಕ್ಕೇ ನಿಂತಳು. "ಇಲ್ಲ. ಗುರು ಇಲ್ಲದೆ ದಶಮಿಯ ದಿನ ಮೊದಲ ಪೆಟ್ಟು ಹಾಕ್ಲಿಕ್ಕಿಲ್ಲ. ತೆಂಗಿನಕಾಯಿ, ವೀಳ್ಯ ಹಿಡ್ಕೊ. ಗುರುವಿನ ಮನೆಗೆ ಹೋಗುವ."

ಎವೇಲಿಯಾ ಬಾಗಿಲು ತೆರೆದಾಗ ಮೆಟ್ಟಿಲ ತುಂಬ ರೇಷ್ಮೆ ಸೀರೆಗಳು. ಸುಂದರಿ ತೆಂಗಿನಕಾಯಿಯನ್ನು ಆಕೆಯ ಕೈಗಿಟ್ಟು, ತನಗಿಂತ ಕಿರಿಯಳಾದ ಆಕೆಯ ಪಾದ ಮುಟ್ಟಿ ನಮಸ್ಕರಿಸಿದಳು. ವಾರಿಜಾಕ್ಷಿ ವಿಷಯವನ್ನೆಲ್ಲ ಹೇಳಿದಳು. ಎವೇಲಿಯಾ ಬಾಗಿಲ ಚೌಕಟ್ಟಿಗೆ ಒರಗಿ ಬಹಳ ಹೊತ್ತು ಕೇಳಿದಳು.

"ನಾನು ನಿನ್ನೆಯೇ ಫೋನು ಮಾಡಿಬಿಟ್ಟೆ," ಎಂದಳು. "ನಮ್ಮ ಹೊತ್ತನ್ನು ರೋಸಲಿಂಡ್ ಇಂದ್ರಜಾಲದವನೊಬ್ಬನಿಗೆ ಕೊಟ್ಟಿದ್ದಾಳೆ. ಬೆಳಗ್ಗೆ ಅವಳೇ ಹೇಳಿದಳು. ನಮಗಿರುವುದು ಮೇಜು, ಅಂಗಳದಲ್ಲಿ."

ನಫೀಸಾ ಕೇಳಿದಳು, "ನಿಮ್ಮ ಊರಿನಲ್ಲಿ ಇದನ್ನು ವೇದಿಕೆ ಮೇಲೆ ಮಾಡುದಾ ಎವೇಲಿಯಕ್ಕ?"

"ಇಲ್ಲ. ಅಂಗಳದಲ್ಲಿ."

"ಮತ್ತೆ ಎಂತ ಅಳುದು? ಅವರು ಅಂಗಳ ಕೊಟ್ಟಿದ್ದಾರಲ್ಲ. ಖಲಾಸ್."

ಎವೇಲಿಯಾ ಜೋರಾಗಿ ನಕ್ಕಳು. ಒಳಗೆ ಹೋಗಿ ಶಾಲು ಹೊದೆದು ಬಂದಳು. ರುವಿಯ ಮನೆಯಲ್ಲಿ ಆಕೆ ಹಲಗೆಯ ಮುಂದೆ ನಿಂತು, ಹೆಂಗಸರು ಕೇಳದೆಯೇ ಬಾಗಿ, ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು. ಕುಂಕುಮದ ಮೇಲೆ ಹಿಮ್ಮಡಿ ಬಿದ್ದಾಗ ಎದ್ದ ಸದ್ದಿಗೆ ಮಣೆಯ ಮೇಲಿನ ಗೆಜ್ಜೆಗಳು ತಾವಾಗಿ ಝಣಿಸಿದವು. ಆಕೆಯ ಹಿಂದೆ ಸುಂದರಿ ಏರಿದಳು. ಮಂಡಿಯ ನೋವಿನ ಮಾತನ್ನು ಆ ದಿನ ಅವಳು ಎತ್ತಲಿಲ್ಲ.

ಸಂಜೆ ಸಭಾಂಗಣದ ಹೊರಗೆ, ಬೇವಿನ ಮರದ ಬಳಿ, ಮೆಕ್ಸಿಕೋದ ಬಾವುಟವಿದ್ದ ಒಂದು ಮೇಜಿತ್ತು. ಅದರ ಪಕ್ಕದಲ್ಲಿ ಬರಿಯ ಮರಳುನೆಲ. ತನ್ನ ಅಜ್ಜಿಯ ಊರಿನಲ್ಲಿ ಹಲಗೆಯಡಿಯಲ್ಲಿ ಕುಳಿ ತೋಡುತ್ತಿದ್ದರು, ಆಗ ನಾದ ದೂರದವರೆಗೆ ಹೋಗುತ್ತಿತ್ತು ಎಂದು ಎವೇಲಿಯಾ ನೆನೆದಳು. ಕೊಗ್ಗ ಆಗಲೇ ಸಲಿಕೆ ಹುಡುಕುತ್ತಿದ್ದನು. ಸಭಾಂಗಣವನ್ನು ನೋಡಿಕೊಳ್ಳುವ ಒಮಾನಿ ಮುದುಕ ಖಲ್ಫಾನ್ ಬಂದು, ಹಲಗೆಯನ್ನೂ ನೆಲವನ್ನೂ ನೋಡಿ, ಕಾರಣ ಕೇಳಿ ತಿಳಿದನು. ಅವನೂ ಸುವೈಕಿನ ಕಡಲತಡಿಯ ಡೋಲುಗಳ ನಡುವೆ ಬೆಳೆದವನು. "ಯಲ್ಲಾ, ತೋಡಿ," ಎಂದನು. "ಬೆಳಗ್ಗೆ ಮುಚ್ಚಿದರೆ ಆಯಿತು."

ಕುಳಿಯ ಮೇಲೆ ತರೀಮಾ ಕುಳಿತಿತು. ಎವೇಲಿಯಾಳ ಹರಾನ, ಅಧ್ಯಾಪಕಿಯರಿಬ್ಬರ ಹರಾನಗಳು, ಪ್ರೇಮನಾಥನ ಮದ್ದಳೆ ಒಂದಾದವು. ವಾರಿಜಾಕ್ಷಿಯೂ ಸುಂದರಿಯೂ ಸೆರಗು ಬಿಗಿದು ಹಲಗೆಯೇರಿದರು. ಮೊದಲ ಬಿರುಸಿನ ಹೆಜ್ಜೆಗೆ ನೆಲವೇ ಗುಡುಗಿತು. ಆ ಸದ್ದು ಸಭಾಂಗಣದ ಗೋಡೆಯನ್ನು ದಾಟಿ ಒಳಗಿನವರ ಅಂಗಾಲನ್ನು ಮುಟ್ಟಿತು. ಮೊದಲು ಮಕ್ಕಳು ಹೊರಗೆ ಬಂದರು, ಅವರನ್ನು ಕರೆದೊಯ್ಯಲು ತಾಯಂದಿರು, ತಾಯಂದಿರು ಮರಳಲಿಲ್ಲವೆಂದು ಗಂಡಸರು. ಕಡೆಗೆ ಇಂದ್ರಜಾಲದವನೂ ತನ್ನ ಪಾರಿವಾಳವನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತನು.

ಬಿರುಸು ತಗ್ಗಿದಾಗ ನಫೀಸಾ ಪದವೆತ್ತಿದಳು. ಬ್ಯಾರಿ ಭಾಷೆಯಲ್ಲಿ, ಮಂಗಳೂರಿನ ಬೆಂಗರೆಯ ಕಡಲತಡಿಯನ್ನು ನೆನೆದು, ಅವಳು ನಿಂತಲ್ಲೇ ಕಟ್ಟಿದ ಆ ಪದದ ಭಾವವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಬರ್ಕಾದ ಬಾಳೆಲೆ, ಬೆಂಗರೆಯ ಮೀನು,
ಬೇಯುವ ಒಲೆಯೊಂದೆ, ಉಣುವವರು ನಾನು ನೀನು;
ಕಡಲು ಕೇಳದು ಹೆಣ್ಣೆ ಊರು ಯಾವುದೆಂದು,
ದಡ ಸಿಕ್ಕರೆ ಅಲೆ ತಾನೇ ಮಲಗುವುದು ಬಂದು.

ಎವೇಲಿಯಾ ಅರ್ಥ ಕೇಳಿಕೊಂಡು ತನ್ನ ನುಡಿಯಲ್ಲಿ ಮರುಪದ ಕಟ್ಟಿದಳು. ಅದು ನಫೀಸಾಳಿಗೆ ತಿಳಿಯದಿದ್ದರೂ, ತನ್ನನ್ನು ಛೇಡಿಸಿದ್ದೆಂದು ಮಾತ್ರ ಖಚಿತವಾಗಿ ತಿಳಿದು, ಅವಳು ಇನ್ನೊಂದು ಪದಕ್ಕೆ ಗಂಟಲು ಸರಿಪಡಿಸಿಕೊಂಡಳು.

ರೋಸಲಿಂಡ್ ಗುಂಪನ್ನು ಸೀಳಿಕೊಂಡು ಬಂದಳು. "ಎವೇಲಿಯಾ, ಒಳಗೆ ಕುರ್ಚಿಗಳು ಖಾಲಿಯಾಗಿವೆ."

"ಮೇಜಿನ ಪಕ್ಕದಲ್ಲಿ ನಿಲ್ಲಬಾರದೆಂದು ನೀವು ಹೇಳಲಿಲ್ಲ."

"ಹೇಳಲಿಲ್ಲ," ಎಂದು ರೋಸಲಿಂಡ್ ಒಪ್ಪಿಕೊಂಡಳು. ಅಷ್ಟರಲ್ಲಿ ದಣಿದ ಸುಂದರಿ ಹಲಗೆಯಿಂದಿಳಿದು ಅವಳ ಕೈಹಿಡಿದು, "ಬನ್ನಿ ರೋಸಲಿಂಡ್ ಬಾಯಿ, ಇಲ್ಲಿ ದಣಿದವರು ಜಾಗ ಬಿಡಬೇಕು, ನಿಂತವರು ಏರಬೇಕು. ಅದು ನಿಯಮ. ನಿಮಗೆ ನಿಯಮ ಇಷ್ಟ ಅಲ್ವಾ?" ಎಂದಳು. ಗಡಿಯಾರದ ಕೈಯನ್ನೇ ಹಿಡಿದಿದ್ದರಿಂದ ರೋಸಲಿಂಡಿಗೆ ಹೊತ್ತು ನೋಡಲಾಗಲಿಲ್ಲ. ಏರಿದಳು. ಎರಡು ಹೆಜ್ಜೆ ತಪ್ಪಿ, ಮೂರನೆಯದನ್ನು ಹಿಡಿದಳು.

ಜೋಡಿಗಳು ಏರಿದವು, ಇಳಿದವು. ವಾರಿಜಾಕ್ಷಿ ಉಸಿರು ಸುಧಾರಿಸಿಕೊಳ್ಳುತ್ತ ಎವೇಲಿಯಾಳ ಕಡೆ ನೋಡಿದಳು. ಆಕೆ ಹರಾನದಿಂದ ಕೈ ತೆಗೆದಿದ್ದಳು. ಸ್ವರ ನಿಲ್ಲಲಿಲ್ಲ, ಅಧ್ಯಾಪಕಿಯರು ಮೀಟುತ್ತಿದ್ದರು. ಹಾಡು ನಿಲ್ಲಲಿಲ್ಲ, ನಫೀಸಾಳಿಗೆ ಗೋವೆಯ ಹೆಂಗಸೊಬ್ಬಳು ಮರುಪದ ಕೊಡುತ್ತಿದ್ದಳು. ಹಲಗೆ ಬರಿದಾಗಲಿಲ್ಲ. ಆಕೆಯ ಕಡೆಗೆ, ಮುಂದೇನು ಎಂದು, ಯಾರೂ ತಿರುಗಿ ನೋಡಲಿಲ್ಲ. ಎವೇಲಿಯಾ ವಾದ್ಯವನ್ನು ಮಡಿಲಿಗೆಳೆದುಕೊಂಡು, ಬೇವಿನ ಬುಡಕ್ಕೆ ಬೆನ್ನು ಕೊಟ್ಟು ಕುಳಿತು, ಚಹಾ ತರಿಸಿ ಕುಡಿದಳು. "ಮಸ್ಕತ್ತಿಗೆ ಬಂದ ಮೇಲೆ ಇದೇ ಮೊದಲು," ಎಂದಳು ವಾರಿಜಾಕ್ಷಿಗೆ, "ಫಂದಾಂಗೊಗೆ ನಾನು ಅತಿಥಿಯಾಗಿ ಬಂದದ್ದು."

ಬಳಗ ಮುಚ್ಚಲಿಲ್ಲ. ಎವೇಲಿಯಾ ತೊಂಬತ್ತಾರರಲ್ಲಿ ಗಂಡನೊಡನೆ ಊರಿಗೆ ಮರಳುವವರೆಗೂ ಪ್ರತಿ ದಶಮಿಯ ಸಂಜೆ ಆ ಅಂಗಳದಲ್ಲಿ ಹಲಗೆ ಗುಡುಗಿತು. ಕುವೈತಿನ ಯುದ್ಧದ ಭೀತಿ ಕವಿದಿದ್ದ ವರ್ಷವೂ ತಪ್ಪಲಿಲ್ಲ. ಹೊಸದಾಗಿ ಚಿಲಿಯಿಂದ, ಬ್ರೆಜಿಲಿನಿಂದ ಬಂದವರು ತಮ್ಮ ನಾಡಿನ ಬಳಗವೆಲ್ಲಿ ಎಂದು ಕೇಳಿದರೆ ಜನ ಅವರನ್ನು ರುವಿಗೆ, ಸುಂದರಿಯ ಮನೆಗೆ ಕಳುಹಿಸುತ್ತಿದ್ದರು. ಬಾಗಿಲು ತೆರೆದ ಸುಂದರಿ ಅವರ ಪಾದರಕ್ಷೆಗಳನ್ನು ಪರೀಕ್ಷಿಸಿ, "ಇದಕ್ಕೆ ಹಿಮ್ಮಡಿ ಸಾಲದು, ಕೊಗ್ಗನ ಹತ್ತಿರ ಹೋಗಿ," ಎನ್ನುತ್ತಿದ್ದಳಂತೆ.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಕಲಿತ ವಿದ್ಯೆ ಕೈಬಿಡದಿರಲಿ. ಪರನಾಡಿನಲ್ಲಿ ಇರುವವರಿಗೆ ಪದಕ್ಕೆ ಮರುಪದ ಹಾಡುವ ನೆರೆ ದೊರೆಯಲಿ. ಕಲಿಸುವವರು ತಮ್ಮ ಶಿಷ್ಯರ ನಡುವೆ ಒಂದು ದಿನ ನಿಶ್ಚಿಂತೆಯಿಂದ ಕುಳಿತು ಚಹಾ ಕುಡಿಯುವ ಭಾಗ್ಯವನ್ನು ಪಡೆಯಲಿ. ಸರ್ವರಿಗೂ ಮಂಗಳವಾಗಲಿ.